ಗಡಿನಾಡಿನಲ್ಲಿ ಇಂಗ್ಲಿಷ್ ಶಬ್ದಾರ್ಥ: ಮೂರು ತಾಲೂಕುಗಳ ವಿದ್ಯಾಚರಿತ್ರೆ

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ತಾಲೂಕುಗಳ ಕನ್ನಡದ ವಿಷಯ ಬಂದಾಗಲೆಲ್ಲ ಗಡಿಯ ಪ್ರಶ್ನೆ, ಭಾಷಾವಾರು ಪ್ರಾಂತರಚನೆ, ಕನ್ನಡ ಶಾಲೆಗಳ ಅಳಿವು ಉಳಿವುಗಳ ವಿಚಾರವೇ ಮುಂದಾಗುತ್ತದೆ. ಅವೆಲ್ಲ ಮುಖ್ಯವಾದವುಗಳೇ. ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಘದ ಪದಾಧಿಕಾರಿಗಳು ಕೇಳಿದಾಗ, ನಾವು ಮೂವತ್ತಕ್ಕೂ ಹೆಚ್ಚು ವರ್ಷ ಕೈಯಲ್ಲಿ ಸೀಮೆಸುಣ್ಣ ಹಿಡಿದು ಕಳೆದವರಾದುದರಿಂದ, ತರಗತಿಯ ಒಳಗಿನ ಒಂದು ಸಣ್ಣ ಸಂಗತಿಯ ಚರಿತ್ರೆಯನ್ನು ಬರೆಯುವುದು ಉಚಿತವೆಂದು ತೋರಿತು. ಇಂಗ್ಲಿಷಿನ ಕಠಿನ ಶಬ್ದವೊಂದು ಈ ಭಾಗದ ಕನ್ನಡದ ಹುಡುಗನಿಗೆ ಯಾವ ದಾರಿಯಿಂದ ಬಂದು ಮುಟ್ಟಿತು, ಆ ದಾರಿಯಲ್ಲಿ ಅದರ ಅರ್ಥಕ್ಕೆ ಏನಾಯಿತು ಎಂಬುದೇ ಆ ಸಂಗತಿ.

ಇದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ನೌಕರಿ, ನ್ಯಾಯಾಲಯ, ವೈದ್ಯ, ವಿಜ್ಞಾನ ಎಲ್ಲದರ ಬಾಗಿಲಿನಲ್ಲೂ ಇಂಗ್ಲಿಷ್ ಶಬ್ದಗಳೇ ಕಾವಲು ನಿಂತಿರುವಾಗ, ಅವುಗಳ ಅರ್ಥ ಯಾರಿಗೆ ಯಾವ ಭಾಷೆಯಲ್ಲಿ ದೊರೆಯಿತು ಎಂಬುದು ಯಾರು ಒಳಗೆ ಹೋದರು, ಯಾರು ಹೊರಗುಳಿದರು ಎಂಬುದನ್ನೂ ನಿರ್ಣಯಿಸುತ್ತದೆ.

ಕಠಿನ ಶಬ್ದಗಳ ಹಳೆಯ ಕಥೆ

ಕಠಿನ ಶಬ್ದಗಳಿಗೆ ಅರ್ಥ ಹುಡುಕುವ ಕಷ್ಟ ನಮಗೆ ಮಾತ್ರ ಬಂದದ್ದಲ್ಲ. ಇಂಗ್ಲಿಷರೂ ಅದನ್ನು ಉಂಡವರೇ. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು 1604ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ರಚಿಸಿದ ರಾಬರ್ಟ್ ಕಾಡ್ರಿ ನಮ್ಮಂತೆಯೇ ಒಬ್ಬ ಶಾಲಾ ಉಪಾಧ್ಯಾಯ. ಸುಮಾರು 2,500 ಶಬ್ದಗಳ ಆ ಪುಸ್ತಕದಲ್ಲಿ ಹಾಲು, ನೀರು, ಮನೆ ಎಂಬಂತಹ ಮಾತುಗಳಿರಲಿಲ್ಲ. ಲ್ಯಾಟಿನ್, ಗ್ರೀಕ್, ಫ್ರೆಂಚ್ ಮುಂತಾದ ಭಾಷೆಗಳಿಂದ ಬಂದು ಸಾಮಾನ್ಯ ಇಂಗ್ಲಿಷರಿಗೆ ತಿಳಿಯದೆ ಹೋದ ಶಬ್ದಗಳನ್ನಷ್ಟೇ ಆರಿಸಿ, ಅವುಗಳಿಗೆ ಮನೆಮಾತಿನ ಇಂಗ್ಲಿಷಿನಲ್ಲಿ ಅರ್ಥ ಬರೆಯಲಾಗಿತ್ತು. ಡಾ. ಜಾನ್ಸನ್ನರ ಮಹಾನಿಘಂಟು ಬಂದದ್ದು 1755ರಲ್ಲಿ. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿ ಪೂರ್ಣಗೊಂಡದ್ದು 1928ರಲ್ಲಿ. ಆ ದೊಡ್ಡ ಮರಗಳ ಬೀಜ ಉಪಾಧ್ಯಾಯನೊಬ್ಬನ ಕಠಿನ ಶಬ್ದಗಳ ಪಟ್ಟಿಯಲ್ಲಿತ್ತೆಂಬುದನ್ನು ನೆನೆದಾಗ ನಮ್ಮ ವೃತ್ತಿಯ ಬಗ್ಗೆ ಹೆಮ್ಮೆಯೆನಿಸುತ್ತದೆ.

ಕನ್ನಡಿಗರು ಈ ಕೆಲಸವನ್ನು ಅದಕ್ಕೂ ಬಹು ಮೊದಲೇ ಮಾಡಿದ್ದರು. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿ ‘ರನ್ನಕಂದ’ವೆಂಬ ನಿಘಂಟಿನ ಪದ್ಯಗಳು ಉಳಿದಿವೆ. ಎರಡನೆಯ ನಾಗವರ್ಮನು ‘ಅಭಿಧಾನ ವಸ್ತುಕೋಶ’ದಲ್ಲಿ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿದನು. ಅಂದಿನ ಕಾವ್ಯಾಭ್ಯಾಸಿಗೆ ಸಂಸ್ಕೃತವು ಇಂದಿನ ಇಂಗ್ಲಿಷಿನಂತೆ ಮೇಲಿನ ಮೆಟ್ಟಿಲಿನ ಭಾಷೆ. ಆ ಮೆಟ್ಟಿಲನ್ನು ಹತ್ತಲು ಕನ್ನಡವನ್ನೇ ಏಣಿಯಾಗಿ ಇಟ್ಟವರು ನಮ್ಮ ಹಿರಿಯರು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ತಾಂಡೂರಿಗೆ ಎಷ್ಟು ಹತ್ತಿರವೆಂದರೆ ಎರಡೂ ಒಂದೇ ರೈಲುದಾರಿಯ ಮೇಲಿವೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ಆ ದಾರಿಯಲ್ಲಿ ಮಳಖೇಡ, ಸೇಡಂ ದಾಟಿದರೆ ತಾಂಡೂರು. ಇಂತಹ ನೆಲದ ಮಕ್ಕಳಿಗೆ ಪರಭಾಷೆಯ ಶಬ್ದಕ್ಕೆ ಕನ್ನಡದ ಅರ್ಥ ಸಿಗದ ಕಾಲ ಬಂದುದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಪಾದ್ರಿಗಳ ನಿಘಂಟುಗಳು

ಇಂಗ್ಲಿಷಿಗೂ ಕನ್ನಡಕ್ಕೂ ನಿಘಂಟಿನ ಸೇತುವೆ ಕಟ್ಟಿದವರಲ್ಲಿ ಮೊದಲಿಗರು ಕ್ರೈಸ್ತ ಪಾದ್ರಿಗಳು. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದರಾಸಿನಲ್ಲಿ ಅಚ್ಚಾದವು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದಿತು. ದೂರದ ಜರ್ಮನಿಯಿಂದ 1853ರಲ್ಲಿ ಬಂದ ಆ ಮಹನೀಯರು ತಮ್ಮ ಆಯುಷ್ಯದ ಬಹುಭಾಗವನ್ನು ನಮ್ಮ ಶಬ್ದಗಳನ್ನು ಕೂಡಿಹಾಕುವುದಕ್ಕೆ ಸವೆಸಿದರು. ಅದೇ ಕಿಟ್ಟೆಲ್ ಕೋಶವನ್ನು ಆಧರಿಸಿ ಬೂಷರ್ ಅವರು ಶಾಲಾಮಕ್ಕಳಿಗಾಗಿ ಚಿಕ್ಕ ನಿಘಂಟೊಂದನ್ನು 1899ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಬಂದು ಕನ್ನಡಿಗರ ದೊಡ್ಡ ಕೊರತೆಯನ್ನು ನೀಗಿತು.

ಬಳ್ಳಾರಿ, ಮದರಾಸು, ಮಂಗಳೂರು, ಮೈಸೂರು ಎಂಬ ಊರುಗಳ ಹೆಸರುಗಳನ್ನು ಓದುಗರು ಗಮನಿಸಬೇಕು. ಇವುಗಳಲ್ಲಿ ಒಂದೂ ನಿಜಾಮರ ಸೀಮೆಯದಲ್ಲ. ಕನ್ನಡದ ನಾಲ್ಕಾರು ತುಂಡುಗಳಲ್ಲಿ ಬ್ರಿಟಿಷರ ಆಡಳಿತದ ತುಂಡಿಗೂ ಮೈಸೂರು ಸಂಸ್ಥಾನದ ತುಂಡಿಗೂ ನಿಘಂಟು ದೊರೆಯಿತು. ಹೈದರಾಬಾದ್ ಸಂಸ್ಥಾನದ ತುಂಡಿಗೆ ಅದರ ಸುದ್ದಿ ಮಾತ್ರ ದೊರೆಯಿತು. ನಾವು ಬಾಲ್ಯದಲ್ಲಿ ಓದಿದ ಶಾಲೆಯಲ್ಲಾಗಲಿ ನಮ್ಮ ಓಣಿಯ ಯಾವ ಮನೆಯಲ್ಲಾಗಲಿ ಇಂಗ್ಲಿಷ್–ಕನ್ನಡ ನಿಘಂಟು ಇರಲಿಲ್ಲ. ಅಂತಹ ಪುಸ್ತಕವೊಂದನ್ನು ನಾವು ಮೊದಲು ಕೈಯಲ್ಲಿ ಹಿಡಿದದ್ದು ಬಿ.ಎ. ಓದಲು ಊರು ಬಿಟ್ಟ ಮೇಲೆ.

ಉರ್ದುವಿನ ದಾರಿ

1956ಕ್ಕಿಂತ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನಾರಾಯಣಖೇಡದ ಕಡೆಗೆ ಮರಾಠಿಯೂ ಸೇರಿ, ಕಚೇರಿಯಲ್ಲಿ ಮಾತ್ರ ಉರ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾರ್ಸಿಯ ಸ್ಥಾನಕ್ಕೆ ಬಂದ ಉರ್ದುವು ತಹಸೀಲಿನಿಂದ ಶಾಲೆಯವರೆಗೆ ವ್ಯಾಪಿಸಿತ್ತು. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಗೆ ಅಷ್ಟಿಷ್ಟು ಅವಕಾಶವಿದ್ದರೂ ಮೇಲಕ್ಕೆ ಹೋದಂತೆ ಉರ್ದುವೇ ಗತಿ. ಕನ್ನಡದ ಅಕ್ಷರಗಳು ಮಠಗಳಲ್ಲಿ, ಐಗಳ ಗಾಂವಠಿ ಶಾಲೆಗಳಲ್ಲಿ, 1907ರಲ್ಲಿ ಸ್ಥಾಪಿತವಾದ ಗುಲಬರ್ಗೆಯ ನೂತನ ವಿದ್ಯಾಲಯದಂತಹ ಕೆಲವು ಖಾಸಗಿ ಸಂಸ್ಥೆಗಳಲ್ಲಿ ಉಸಿರಾಡಿದವು.

ಆದರೆ ನಿಜಾಮರ ಸರಕಾರವು ಉರ್ದುವಿಗಾಗಿ ಮಾಡಿದ ಕೆಲಸವನ್ನು ಚರಿತ್ರಕಾರನು ಮರೆಯಬಾರದು. 1917ರಲ್ಲಿ ಹೈದರಾಬಾದಿನಲ್ಲಿ ಭಾಷಾಂತರ ವಿಭಾಗವೊಂದು, ದಾರುಲ್ ತರ್ಜುಮಾ ಎಂಬ ಹೆಸರಿನಲ್ಲಿ ಆರಂಭವಾಯಿತು. ಮರುವರ್ಷ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶಭಾಷೆಯೊಂದರಲ್ಲಿ ಗಣಿತ, ವಿಜ್ಞಾನ, ವೈದ್ಯಗಳನ್ನೆಲ್ಲ ಕಲಿಸಲು ಹೊರಟ ಸಾಹಸವದು. ಇಂಗ್ಲಿಷ್ ಅಲ್ಲಿ ಕಡ್ಡಾಯವಾದ ಒಂದು ಭಾಷಾವಿಷಯವಾಗಿತ್ತು. ವಿದ್ವಾಂಸರು ಕುಳಿತು ಇಂಗ್ಲಿಷಿನ ಸಾವಿರಾರು ಪಾರಿಭಾಷಿಕ ಶಬ್ದಗಳಿಗೆ ಅರಬ್ಬಿ, ಪಾರ್ಸಿ ಮೂಲಗಳಿಂದ ಸಾಟಿ ಶಬ್ದಗಳನ್ನು ರಚಿಸಿದರು. ಮೌಲ್ವಿ ಅಬ್ದುಲ್ ಹಕ್ ಅವರ ಸಂಪಾದಕತ್ವದಲ್ಲಿ ಅಂಜುಮನ್ ತರಕ್ಕಿ-ಎ-ಉರ್ದು ಸಂಸ್ಥೆಯು 1937ರಲ್ಲಿ ದೊಡ್ಡ ಇಂಗ್ಲಿಷ್–ಉರ್ದು ನಿಘಂಟನ್ನು ಪ್ರಕಟಿಸಿತು. ಮೈಸೂರಿನ ಇಂಗ್ಲಿಷ್–ಕನ್ನಡ ಕೋಶಕ್ಕಿಂತ ಒಂಬತ್ತು ವರ್ಷ ಮೊದಲಿನ ಮಾತಿದು.

ಉರ್ದು ಮನೆಮಾತಾಗಿದ್ದವನಿಗೆ ಇದು ಭಾಗ್ಯ. ನಮ್ಮವರಿಗೆ ಮಾತ್ರ ಎರಡು ಗೋಡೆ. ಥರ್ಮಾಮೀಟರ್ ಎಂಬ ಶಬ್ದವನ್ನು ತೆಗೆದುಕೊಳ್ಳಿರಿ. ಗ್ರೀಕಿನಲ್ಲಿ ಥರ್ಮ್ ಎಂಬುದು ಬಿಸಿಗೆ ಸಂಬಂಧಿಸಿದ್ದು, ಮೀಟರ್ ಎಂಬುದು ಅಳೆಯುವುದಕ್ಕೆ ಸಂಬಂಧಿಸಿದ್ದು. ಉರ್ದುವಿನಲ್ಲಿ ಅದು ‘ಮಿಕ್ಯಾಸುಲ್ ಹರಾರತ್’. ಅದರ ರಚನೆಯೂ ಅದೇ: ಶಾಖದ ಅಳತೆಗೋಲು. ಕನ್ನಡದ ‘ಉಷ್ಣಮಾಪಕ’ವೂ ಅದೇ ಅಚ್ಚಿನಿಂದ ಬಂದುದು. ಮೂರೂ ಸಮರ್ಪಕವಾದ ಶಬ್ದಗಳೇ. ಆದರೆ ತಾಂಡೂರಿನ ಒಕ್ಕಲಿಗರ ಹುಡುಗನಿಗೆ ಇಂಗ್ಲಿಷಿನ ಒಗಟನ್ನು ಅರಬ್ಬಿಯ ಇನ್ನೊಂದು ಒಗಟಿನಿಂದ ಬಿಡಿಸಿದರೆ ಅವನು ಎರಡನ್ನೂ ಬಾಯಿಪಾಠ ಮಾಡುವನೇ ಹೊರತು ಬಿಸಿಯನ್ನಾಗಲಿ ಅಳತೆಯನ್ನಾಗಲಿ ಕಾಣಲಾರ. ತಪ್ಪು ಭಾಷಾಂತರಕಾರರದಲ್ಲ, ಅವರು ಯಾರಿಗಾಗಿ ಬರೆದರೋ ಅವರಲ್ಲಿ ನಮ್ಮ ಹುಡುಗ ಇರಲಿಲ್ಲ, ಅಷ್ಟೆ.

ತಂದೆಯವರ ವಹಿ

ನಮ್ಮ ತಂದೆಯವರು ಆ ಕಾಲದಲ್ಲಿ ಓದಿದವರು. ಉರ್ದು ಮಾಧ್ಯಮದಲ್ಲಿ ಕಲಿತು, ಕೆಲಕಾಲ ಪಟವಾರಿಗಳ ಕೈಕೆಳಗೆ ಲೆಕ್ಕ ಬರೆದು, ಬಳಿಕ ಕಿರಾಣಿ ವ್ಯಾಪಾರಕ್ಕೆ ಇಳಿದರು. ಇಂಗ್ಲಿಷಿನ ಮೇಲೆ ಅವರಿಗೆ ತೀರದ ಆಸೆ. ಅವರ ಕೈಬರಹದ ಒಂದು ವಹಿ ಇಂದಿಗೂ ನಮ್ಮಲ್ಲಿದೆ. ಲೆಕ್ಕದ ವಹಿಯಂತೆಯೇ ಉದ್ದುದ್ದ. ಕೆಂಪು ಬಟ್ಟೆಯ ರಟ್ಟು. ಪ್ರತಿ ಪುಟದಲ್ಲೂ ಮೂರು ಸಾಲುಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಶಬ್ದ, ನಡುವೆ ಉರ್ದು ಅರ್ಥ, ಬಲಕ್ಕೆ ಕನ್ನಡ ಬರೆದಿದ್ದಾರೆ. ಶಬ್ದಗಳನ್ನು ಅವರು ಸಂಗ್ರಹಿಸಿದ್ದು ಕಚೇರಿಯ ಕಾಗದಗಳಿಂದ, ಔಷಧಿಯ ಶೀಶೆಗಳ ಮೇಲಿನ ಚೀಟಿಗಳಿಂದ, ರೈಲು ನಿಲ್ದಾಣದ ಫಲಕಗಳಿಂದ, ಯಾರೋ ಕಟ್ಟಿಕೊಟ್ಟ ಸಾಮಾನಿನ ಹಳೆಯ ಪತ್ರಿಕೆಯ ಚೂರುಗಳಿಂದ.

ಆ ವಹಿಯ ಬಲಗಡೆಯ ಸಾಲೇ ನಮ್ಮ ಪಾಲಿನ ಚರಿತ್ರೆ. ‘ರೆಸ್ಪಾನ್ಸಿಬಿಲಿಟಿ’ಗೆ ನಡುವೆ ‘ಜಿಮ್ಮೇದಾರಿ’, ಬಲಕ್ಕೆ ‘ಹೊಣೆ’. ‘ಎವಿಡೆನ್ಸ್’ಗೆ ‘ಶಹಾದತ್’, ಬಲಕ್ಕೆ ‘ಸಾಕ್ಷಿ’. ‘ಕಾನ್ಷನ್ಸ್’ಗೆ ‘ಜಮೀರ್’, ಬಲಕ್ಕೆ ‘ಒಳಗಿನ ಸಾಕ್ಷಿ’. ಈ ಕೊನೆಯದು ಯಾವ ಪುಸ್ತಕದಿಂದ ಬಂದುದೂ ಅಲ್ಲ. ‘ಸಾಕ್ಷಿ’ಯನ್ನು ಮೇಲೆ ಬರೆದ ಮನುಷ್ಯನು ತಾನೇ ಯೋಚಿಸಿ ಒಂದು ಹೆಜ್ಜೆ ಮುಂದೆ ಇಟ್ಟದ್ದು. ವಿದ್ವಾಂಸರು ಇದೇ ಭಾವಕ್ಕೆ ‘ಅಂತಃಸಾಕ್ಷಿ’ ಎಂದಿದ್ದಾರೆ. ನಿಘಂಟಿಲ್ಲದ ಊರಿನಲ್ಲಿ ಕಿರಾಣಿ ಅಂಗಡಿಯ ಗಲ್ಲೆಯ ಮುಂದೆ ಕುಳಿತವರೊಬ್ಬರು ತಮ್ಮ ಮಟ್ಟಿಗೆ ನಿಘಂಟುಕಾರರಾಗಿದ್ದರು. ಇಂತಹ ವಹಿಗಳು ಈ ಭಾಗದ ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಇರಬಹುದೆಂದು ನಮ್ಮ ನಂಬುಗೆ.

ಕೆಲವು ಪುಟಗಳಲ್ಲಿ ಬಲಗಡೆಯ ಸಾಲು ಖಾಲಿಯಿದೆ. ಕೆಲವು ಕಡೆ ತಪ್ಪಿದೆ. ಅಂತಹ ಒಂದು ತಪ್ಪಿನ ಕಥೆಯನ್ನು ಮುಂದೆ ಹೇಳುವೆವು.

1956ರ ತಿರುವು

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಭಾರತದಲ್ಲಿ ಸೇರಿತು. ಉರ್ದುವಿನ ಪ್ರಾಬಲ್ಯ ಕುಗ್ಗಿತು. ಕನ್ನಡಕ್ಕೆ ಒಳ್ಳೆಯ ದಿನಗಳು ಬಂದವೆಂದು ಈ ಭಾಗದವರು ನಂಬಿದರು. ಎಂಟು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಜಾರಿಗೆ ಬಂದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಉಳಿದ ಬೀದರ, ಗುಲಬರ್ಗಾಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ನಿರ್ಣೆಯ ಹುಡುಗನಿಗೂ ಜಹೀರಾಬಾದಿನ ಹುಡುಗನಿಗೂ ಅಂದಿನಿಂದ ಪಠ್ಯಪುಸ್ತಕ ಬೇರೆಯಾಯಿತು.

ಯಾವ ಹಳ್ಳಿ ಯಾವ ಕಡೆಗೆ ಸೇರಬೇಕಿತ್ತೆಂಬ ವಾದವನ್ನು ಇಲ್ಲಿ ಎತ್ತುವುದು ನಮ್ಮ ಉದ್ದೇಶವಲ್ಲ. ತೆಲುಗು ನಮ್ಮ ನೆರೆಯ ಭಾಷೆ. ಅದರ ಅನ್ನವನ್ನು ನಾವೂ ಉಂಡಿದ್ದೇವೆ. ಇಂಗ್ಲಿಷ್ ಶಬ್ದಾರ್ಥದ ವಿಷಯದಲ್ಲಿ ಆದ ಬದಲಾವಣೆಯನ್ನಷ್ಟೇ ಹೇಳುವುದಾದರೆ, ವಹಿಯ ನಡುವಿನ ಸಾಲಿನಲ್ಲಿ ಉರ್ದು ಹೋಗಿ ತೆಲುಗು ಬಂದಿತು. ಸಿ. ಪಿ. ಬ್ರೌನ್ ಅವರು 1850ರ ದಶಕದಲ್ಲಿ ಹೊರತಂದ ತೆಲುಗು ನಿಘಂಟುಗಳ ಕಾಲದಿಂದಲೂ ತೆಲುಗಿಗೆ ಕೋಶಗಳ ಸಂಪತ್ತಿತ್ತು. ಶಾಲಾಮಕ್ಕಳಿಗಾಗಿ ಇಂಗ್ಲಿಷ್–ತೆಲುಗು ಶಬ್ದಾರ್ಥದ ಚಿಕ್ಕ ಪುಸ್ತಕಗಳು ಪೇಟೆಯಲ್ಲಿ ಸುಲಭವಾಗಿ ಸಿಗುತ್ತಿದ್ದವು. ಬಲಗಡೆಯ ಸಾಲನ್ನು ಬರೆಯುವ ರೂಢಿಯೇ ನಿಂತುಹೋಯಿತು. ತೆಲುಗೂ ಕನ್ನಡವೂ ಅಕ್ಕತಂಗಿಯರು, ಲಿಪಿಯೂ ಹೆಚ್ಚುಕಡಿಮೆ ಒಂದೇ, ಬೇರೆ ಅರ್ಥವೇಕೆ ಎಂದು ಎಲ್ಲರೂ ಭಾವಿಸಿದೆವು. ನಾವು ಮೇಷ್ಟ್ರಾದ ಮೇಲೂ ಹಾಗೆಯೇ ಭಾವಿಸಿದ್ದೆವು.

ಒಂದು ಬೆತ್ತದೇಟಿನ ಕಥೆ

ನಾವು ಉಪಾಧ್ಯಾಯರಾದ ಮೊದಲ ವರ್ಷಗಳಲ್ಲಿ ಇದು ನಡೆಯಿತು. ಎಂಟನೆಯ ತರಗತಿಯ ಇಂಗ್ಲಿಷ್ ಪಾಠ. ಪ್ರತಿದಿನ ಹತ್ತು ಶಬ್ದಗಳನ್ನು ಕರಿಹಲಗೆಯ ಮೇಲೆ ಬರೆದು ತೆಲುಗು ಅರ್ಥ ಕೊಡುವುದು, ಮರುದಿನ ಕೇಳುವುದು, ತಪ್ಪಿದವರಿಗೆ ಶಿಕ್ಷೆ. ಇದು ಅಂದಿನ ಪದ್ಧತಿ. ಒಂದು ದಿನ ‘ನೆಸೆಸರಿ’ ಎಂಬ ಶಬ್ದಕ್ಕೆ ಸ್ವಂತ ವಾಕ್ಯ ಬರೆಯಲು ಹೇಳಿದೆವು. ಕರ್ನಾಟಕದ ಗಡಿಗೆ ಹತ್ತಿದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ, ತನ್ನ ತಂದೆ ನೆಸೆಸರಿಯಾಗಿ ಸ್ಟೇಷನ್ನಿಗೆ ಹೋದನೆಂದು ಇಂಗ್ಲಿಷಿನಲ್ಲಿ ಬರೆದಿದ್ದ. ಹಿಂದಿನ ದಿನವಷ್ಟೇ ಅರ್ಥವನ್ನು ತಪ್ಪಿಲ್ಲದೆ ಒಪ್ಪಿಸಿದ್ದವನು ಈ ದಿನ ಹುಡುಗಾಟ ಮಾಡುತ್ತಿದ್ದಾನೆಂದು ತಿಳಿದು ನಾವು ಅವನ ಅಂಗೈಗೆ ಎರಡು ಬೆತ್ತದೇಟು ಕೊಟ್ಟೆವು. ಅವನು ಅಳಲಿಲ್ಲ. ‘ಸರ್, ನೀವೇ ಅವಸರ ಅಂತ ಹೇಳೀರಿ’ ಎಂದಷ್ಟೇ ಹೇಳಿ ಕುಳಿತನು.

ಮನೆಗೆ ಬಂದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಕನ್ನಡದಲ್ಲಿ ‘ಅವಸರ’ವೆಂದರೆ ಗಡಿಬಿಡಿ. ಹುಡುಗನು ನಾವು ಹೇಳಿದ ಅರ್ಥವನ್ನು ತನ್ನ ತಾಯಿಯ ಮಾತಿನಲ್ಲಿ ಕೇಳಿಸಿಕೊಂಡು, ತಂದೆ ಅವಸರದಿಂದ ಸ್ಟೇಷನ್ನಿಗೆ ಹೋದನೆಂದು ಸರಿಯಾಗಿಯೇ ಬರೆದಿದ್ದನು. ಸಂಶಯವಾಗಿ ತಂದೆಯವರ ವಹಿಯನ್ನು ತೆಗೆದು ನೋಡಿದೆವು. ‘ನೆಸೆಸರಿ’ಯ ಎದುರು ನಡುವೆ ಉರ್ದುವಿನಲ್ಲಿ ‘ಜರೂರಿ’. ಬಲಕ್ಕೆ ಕನ್ನಡದಲ್ಲಿ ‘ಜರೂರು, ಅವಸರ’. ಉರ್ದುವಿನ ಜರೂರಿ ಅಗತ್ಯವನ್ನು ಸೂಚಿಸುವ ಶಬ್ದ. ಅದೇ ಕನ್ನಡಕ್ಕೆ ಬಂದು ‘ಜರೂರು’ ಆಗಿ ತುರ್ತು ಎಂಬ ಅರ್ಥವನ್ನು ತಳೆದಿದೆ. ತಂದೆಯವರು ಉರ್ದುವಿನ ದಾರಿಯಲ್ಲಿ ಎಡವಿದ ಕಲ್ಲಿಗೇ ಈ ಹುಡುಗನು ತೆಲುಗಿನ ದಾರಿಯಲ್ಲಿ ಎಡವಿದ್ದನು. ಎರಡು ತಲೆಮಾರು, ಎರಡು ರಾಜ್ಯ, ಎರಡು ಭಾಷೆ, ತಪ್ಪು ಒಂದೇ. ಎರಡೂ ಸಲ ‘ಅಗತ್ಯ’ವೆಂಬ ಒಂದು ಕನ್ನಡ ಮಾತನ್ನು ಹೇಳುವವರು ಹತ್ತಿರ ಇರಲಿಲ್ಲ.

ಮರುದಿನ ತರಗತಿಯಲ್ಲಿ ನಮ್ಮದೇ ತಪ್ಪೆಂದು ಒಪ್ಪಿಕೊಂಡೆವು. ಆ ವರ್ಷದ ಪರೀಕ್ಷೆಯ ಬಳಿಕ ಹುಡುಗನು ಶಾಲೆಗೆ ಬರಲಿಲ್ಲ. ತಾಂಡೂರಿನ ಕಲ್ಲಿನ ಕೆಲಸಕ್ಕೆ ಹೋದನೆಂದು ತಿಳಿಯಿತು. ಮನೆಯಲ್ಲಿ ಬಡತನವಿತ್ತು; ನಮ್ಮ ಬೆತ್ತವೊಂದೇ ಕಾರಣವೆಂದು ಹೇಳಲಾರೆವು. ಕಾರಣವೇ ಅಲ್ಲವೆಂದೂ ಹೇಳಲಾರೆವು. ಅಂದಿನಿಂದ ಶಬ್ದಾರ್ಥಕ್ಕಾಗಿ ನಾವು ಬೆತ್ತ ಹಿಡಿಯಲಿಲ್ಲ.

ಅಕ್ಕತಂಗಿಯರ ಮಾತು, ಬೇರೆ ಬೇರೆ ಅರ್ಥ

ಅನಂತರ ಇಂತಹ ಶಬ್ದಗಳನ್ನು ಹುಡುಕುತ್ತ ಹೋದೆವು. ಅವು ದಂಡಿಯಾಗಿ ಸಿಕ್ಕವು. ‘ಹೇಸ್ಟ್’ ಎಂಬುದಕ್ಕೆ ತೆಲುಗಿನಲ್ಲಿ ‘ತೊಂದರ’. ಕನ್ನಡದ ಮಗು ಅದನ್ನು ‘ತೊಂದರೆ’ಯೆಂದು ತಿಳಿಯುತ್ತದೆ. ‘ಡಿಲೇ’ ಎಂಬುದಕ್ಕೆ ತೆಲುಗಿನಲ್ಲಿ ‘ಆಲಸ್ಯಂ’. ಕನ್ನಡದಲ್ಲಿ ಆಲಸ್ಯವು ಸೋಮಾರಿತನ. ‘ಸಾರೋ’ ಎಂಬುದಕ್ಕೆ ತೆಲುಗಿನಲ್ಲಿ ‘ವಿಚಾರಂ’. ಕನ್ನಡದಲ್ಲಿ ವಿಚಾರವು ಆಲೋಚನೆ. ರೈಲು ತಡವಾಗಿ ಬಂದಿತೆಂಬ ಇಂಗ್ಲಿಷ್ ವಾಕ್ಯವನ್ನು ಓದಿದ ಕನ್ನಡದ ಹುಡುಗಿ ರೈಲು ಸೋಮಾರಿಯೆಂದು ತಿಳಿದರೆ ನಗಬಾರದು. ಉರ್ದುವಿನ ‘ಹೋಶಿಯಾರ್’ ಎಂದರೆ ಚತುರ, ಜಾಣ. ಕನ್ನಡದ ‘ಹುಷಾರು’ ಎಂದರೆ ಎಚ್ಚರಿಕೆ, ಇಲ್ಲವೆ ಮೈಯ ಸ್ವಾಸ್ಥ್ಯ. 

ಹತ್ತಿರದ ಭಾಷೆಯೇ ಕೆಲವೊಮ್ಮೆ ಹೆಚ್ಚು ದಾರಿ ತಪ್ಪಿಸುತ್ತದೆ. ‘ಮಿಕ್ಯಾಸುಲ್ ಹರಾರತ್’ ತಿಳಿಯದಿದ್ದರೆ ತಿಳಿಯಲಿಲ್ಲವೆಂಬುದಾದರೂ ಹುಡುಗನಿಗೆ ಗೊತ್ತಾಗುತ್ತದೆ. ‘ಅವಸರಂ’ ಕೇಳಿದಾಗ ಅವನಿಗೆ ತಿಳಿದೇಬಿಟ್ಟಿತೆಂಬ ಭ್ರಮೆ. ತಿಳಿಯದ ಶಬ್ದಕ್ಕಿಂತ ತಪ್ಪು ತಿಳಿದ ಶಬ್ದ ಕೆಟ್ಟದು. ಅದು ಪರೀಕ್ಷೆಯವರೆಗೆ ಸದ್ದಿಲ್ಲದೆ ಕುಳಿತಿರುತ್ತದೆ.

ಬೇರಿನಿಂದ ಕಲಿಸಿದ ರೀತಿ

ಕರಿಹಲಗೆಯ ಮೇಲೆ ಅಂದಿನಿಂದ ನಾಲ್ಕು ಸಾಲು ಎಳೆದೆವು: ಇಂಗ್ಲಿಷ್, ತೆಲುಗು, ಉರ್ದು, ಕನ್ನಡ. ತರಗತಿಯಲ್ಲಿ ಮೂರೂ ಮನೆಮಾತಿನ ಮಕ್ಕಳಿದ್ದುದರಿಂದ ಆಯಾ ಅರ್ಥವನ್ನು ಅವರವರಿಂದಲೇ ಹೇಳಿಸಿದೆವು. ಎರಡನೆಯದಾಗಿ, ದಿನಕ್ಕೆ ಹತ್ತು ಬಿಡಿ ಶಬ್ದಗಳ ಬದಲು ಒಂದು ಬೇರನ್ನು ಹಿಡಿದು ಅದರ ಕೊಂಬೆಗಳನ್ನು ತೋರಿಸಿದೆವು. ‘ಟೆಲಿ’ ಎಂದರೆ ದೂರ ಎಂದು ಒಮ್ಮೆ ತಿಳಿದರೆ ಟೆಲಿಫೋನು ದೂರವಾಣಿ, ಟೆಲಿವಿಷನ್ನು ದೂರದರ್ಶನ, ಟೆಲಿಸ್ಕೋಪು ದೂರದರ್ಶಕ. ‘ಬಯಾಗ್ರಫಿ’ಯು ಜೀವನಚರಿತ್ರೆ, ‘ಆಟೊ’ ಎಂಬ ತಾನು ಮುಂದೆ ಸೇರಿದರೆ ಆತ್ಮಚರಿತ್ರೆ. ‘ಮ್ಯಾನುಸ್ಕ್ರಿಪ್ಟ್’ನಲ್ಲಿ ಲ್ಯಾಟಿನ್ನಿನ ಕೈ ಮತ್ತು ಬರಹ ಇವೆ, ನಮ್ಮ ‘ಕೈಬರಹ’ದಲ್ಲಿಯೂ ಅವೇ ಎರಡು.

‘ಮ್ಯಾಗ್ನಾನಿಮಸ್’ ಎಂಬ ಶಬ್ದ ನೋಡಲು ಗಡಸು. ಪದವೀಧರರೂ ಅದರ ಮುಂದೆ ತಡವರಿಸುತ್ತಾರೆ. ಅದರ ಮೊದಲರ್ಧ ದೊಡ್ಡದು, ಎರಡನೆಯರ್ಧ ಮನಸ್ಸು. ‘ದೊಡ್ಡ ಮನಸ್ಸು’ ಎಂದ ಕೂಡಲೆ ಕೊನೆಯ ಬೆಂಚಿನ ಹುಡುಗನ ಮುಖವೂ ಅರಳುತ್ತಿತ್ತು. ಏಕೆಂದರೆ ‘ದೊಡ್ಡ ಮನಸ್ಸು ಮಾಡ್ರಿ’ ಎಂಬುದು ಅವನ ಮನೆಯಲ್ಲಿ ನಿತ್ಯ ಕೇಳುವ ಮಾತು. ‘ಬೆನೆವೊಲೆಂಟ್’ ಎಂದರೆ ಒಳ್ಳೆಯದನ್ನು ಬಯಸುವವನು, ‘ಮ್ಯಾಲೆವೊಲೆಂಟ್’ ಎಂದರೆ ಕೆಟ್ಟದ್ದನ್ನು ಬಯಸುವವನು. ನಮ್ಮ ಸುಗುಣ, ದುರ್ಗುಣಗಳ ‘ಸು’, ‘ದುರ್’ಗಳಂತೆಯೇ ಅಲ್ಲಿಯೂ ಜೋಡಿಗಳಿವೆ ಎಂದು ತಿಳಿದ ಮಕ್ಕಳು ಮುಂದೆ ತಾವೇ ಊಹಿಸತೊಡಗಿದರು. ಕನ್ನಡದ ತತ್ಸಮ, ತದ್ಭವ, ದೇಶ್ಯಗಳನ್ನು ಕಲಿತ ಮಗುವಿಗೆ ಇಂಗ್ಲಿಷಿನಲ್ಲಿಯೂ ಲ್ಯಾಟಿನ್, ಫ್ರೆಂಚ್, ಮೂಲ ಇಂಗ್ಲಿಷ್ ಎಂಬ ಪದರಗಳಿವೆಯೆಂಬುದನ್ನು ತಿಳಿಸುವುದು ಕಷ್ಟವಲ್ಲ.

ಎಲ್ಲ ಶಬ್ದಕ್ಕೂ ಸಾಟಿ ಶಬ್ದ ಸಿಗುವುದೆಂದು ನಾವು ಹೇಳುತ್ತಿಲ್ಲ. ‘ಪ್ರೈವೆಸಿ’ಗೆ ಕನ್ನಡದಲ್ಲಿ ಒಂದೇ ಮಾತಿನ ಅರ್ಥ ಹೇಳಹೋಗಿ ನಾವು ಹಲವು ಸಲ ಸೋತಿದ್ದೇವೆ. ಪ್ರತಿಯಾಗಿ, ಶರಣರ ‘ಕಾಯಕ’ಕ್ಕೆ ಇಂಗ್ಲಿಷ್ ಶಬ್ದ ಹುಡುಕಿರೆಂದು ಮಕ್ಕಳಿಗೆ ಹೇಳಿದಾಗ ವರ್ಕ್, ಡ್ಯೂಟಿ, ಲೇಬರ್ ಎಂದೆಲ್ಲ ಬರೆದು ಕೊನೆಗೆ ಯಾವುದೂ ಸಾಲದೆಂದು ಅವರೇ ಒಪ್ಪಿದರು. ಒಂದು ಶಬ್ದದ ಅರ್ಥವನ್ನು ತಿಳಿಯುವುದೆಂದರೆ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನೂ ತಿಳಿಯುವುದು. ಆ ತೂಕ ನೋಡಲು ಕೈಯಲ್ಲಿ ಒಂದು ತಕ್ಕಡಿ ಬೇಕು. ಮಗುವಿನ ಬಳಿ ಇರುವ ತಕ್ಕಡಿ ಮನೆಮಾತು.

ಇಂದಿನ ಸ್ಥಿತಿ

2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರಿನಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. 2018ರಲ್ಲಿ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಿತು. ರಾಜ್ಯದ ಭಾಷೆಗೆ ಆ ಗೌರವ ಸಲ್ಲತಕ್ಕದ್ದೇ. 2022–23ರಿಂದ ಸರಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮವನ್ನು ವ್ಯಾಪಕವಾಗಿ ತರಲಾಯಿತು. ತಂದೆತಾಯಿಗಳ ಅಪೇಕ್ಷೆಯೂ ಅದೇ ಆಗಿದೆ. ನಮ್ಮ ಮೊಮ್ಮಕ್ಕಳು ಬೆಳಗಾದರೆ ಮೊಬೈಲಿನಲ್ಲಿ ದಿನಕ್ಕೊಂದು ಇಂಗ್ಲಿಷ್ ಶಬ್ದ ಕಲಿಯುತ್ತಾರೆ. ಅದರ ಅರ್ಥವೂ ಇಂಗ್ಲಿಷಿನಲ್ಲೇ ಇರುತ್ತದೆ. ವಹಿಯಲ್ಲಿ 1956ರ ಬಳಿಕ ಬಲಗಡೆಯ ಸಾಲು ಹೋಯಿತು. ಈಗ ನಡುವಿನ ಸಾಲೂ ಹೋಗಿ ಎಡಗಡೆಯದೊಂದೇ ಉಳಿದಿದೆ.

ಇದನ್ನು ನಾವು ದೂಷಿಸುವವರಲ್ಲ. ಇಂಗ್ಲಿಷ್ ಬೇಡವೆಂದು ಹೇಳುವಷ್ಟು ಅನುಕೂಲಸ್ಥರು ಈ ಮೂರು ತಾಲೂಕುಗಳಲ್ಲಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಕಲಿತ ಶಬ್ದವು ನಾಲಗೆಯಿಂದ ಒಳಗೆ ಇಳಿಯಬೇಕಾದರೆ ಮನೆಮಾತಿನ ಮೆಟ್ಟಿಲು ಬೇಕೆಂಬುದು ನಾವು ಏಟು ಕೊಟ್ಟು ಕಲಿತ ಪಾಠ. ಶಬ್ದಗಳ ಅರ್ಥವನ್ನು ಜನಸಾಮಾನ್ಯರಿಗೆ ತಿಳಿಸುವ ಕೆಲಸವನ್ನು ಪತ್ರಿಕೆಯ ಅಂಕಣದ ಮೂಲಕ ‘ಇಗೋ ಕನ್ನಡ’ವೆಂದು ವರ್ಷಗಟ್ಟಲೆ ಮಾಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, ನೂರೇಳು ವರ್ಷ ತುಂಬಿದ ವಯಸ್ಸಿನಲ್ಲಿ, ನಮ್ಮನ್ನಗಲಿದರು. ಅವರ ನಿಘಂಟುಗಳು ಇಂದು ಪೇಟೆಯಲ್ಲಿ ಸಿಗುತ್ತವೆ. ಬೀದರ, ಸೇಡಂಗಳಿಗೆ ಹೋದವರು ಒಂದು ಪ್ರತಿ ತಂದು ಮನೆಯಲ್ಲಿಟ್ಟರೆ ನಮ್ಮ ತಂದೆಯವರ ಕಾಲದ ಕೊರತೆ ನೀಗುತ್ತದೆ.

ಸಂಘದ ಮುಂದೆ ನಮ್ಮದೊಂದು ವಿನಂತಿಯಿದೆ. ಇಂಗ್ಲಿಷ್, ಕನ್ನಡ, ತೆಲುಗು, ಉರ್ದು ಈ ನಾಲ್ಕು ಸಾಲುಗಳಲ್ಲಿ ಶಾಲಾಮಕ್ಕಳಿಗೆ ಬೇಕಾದ ಒಂದು ಸಾವಿರ ಶಬ್ದಗಳ ಕೈಪಿಡಿಯೊಂದನ್ನು ಸಿದ್ಧಪಡಿಸಬೇಕು. ಅವಸರ, ಆಲಸ್ಯ, ವಿಚಾರ, ತೊಂದರೆ, ಜರೂರುಗಳಂತಹ ಮೋಸದ ಶಬ್ದಗಳಿಗೆ ಅದರಲ್ಲಿ ಗುರುತು ಹಾಕಬೇಕು. ದೊಡ್ಡ ವಿದ್ವಾಂಸರು ಬೇಕಿಲ್ಲ. ನಾಲ್ಕು ಮನೆಮಾತಿನ ನಿವೃತ್ತ ಉಪಾಧ್ಯಾಯರು ಕೆಲವು ಭಾನುವಾರ ಕೂಡಿ ಕುಳಿತರೆ ಸಾಕು. ಮೈಸೂರಿನಿಂದಲೋ ಮಂಗಳೂರಿನಿಂದಲೋ ಇದು ಬರಲಾರದು. ಏಕೆಂದರೆ ಈ ನಾಲ್ಕು ಭಾಷೆಗಳು ಒಂದೇ ಬೆಂಚಿನ ಮೇಲೆ ಕೂರುವುದು ನಮ್ಮ ಶಾಲೆಗಳಲ್ಲಿ.

ಈ ಕೆಲಸಕ್ಕೆ ಉಪಯೋಗವಾಗುವುದಾದರೆ ತಂದೆಯವರ ವಹಿಯನ್ನು ಸಂಘಕ್ಕೆ ಒಪ್ಪಿಸಲು ಸಿದ್ಧರಿದ್ದೇವೆ. ಅವರ ಅಕ್ಷರಗಳನ್ನು ನಾವು ತಿದ್ದಿಲ್ಲ. ‘ನೆಸೆಸರಿ’ಯ ಸಾಲಿನಲ್ಲಿ ಮಾತ್ರ ಅವರ ‘ಜರೂರು, ಅವಸರ’ದ ಪಕ್ಕದಲ್ಲಿ ಪೆನ್ಸಿಲಿನಿಂದ ‘ಅಗತ್ಯ’ ಎಂದು ಬರೆದಿದ್ದೇವೆ. ಅದನ್ನು ನೋಡಬೇಕಾಗಿದ್ದ ಆ ಹುಡುಗನು ಈಗ ಎಲ್ಲಿದ್ದಾನೋ, ಅವನ ಮಕ್ಕಳು ಮೊಮ್ಮಕ್ಕಳಿಗಾದರೂ ಅದು ತಲುಪಲಿ ಎಂಬುದು ನಮ್ಮ ಆಶೆ.